ರಾಯ್ ಕೀನ್ ಮತ್ತು ಸಂಡರ್‌ಲ್ಯಾಂಡ್: ನೂರು ಪಂದ್ಯಗಳ ಒಂದು ಪ್ರಕರಣ

2008ರ ಅಕ್ಟೋಬರ್ 25, ಶನಿವಾರ. ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಸಂಡರ್‌ಲ್ಯಾಂಡ್ ನಗರದ ಸ್ಟೇಡಿಯಂ ಆಫ್ ಲೈಟ್ ಫುಟ್‌ಬಾಲ್ ಮೈದಾನದಲ್ಲಿ ಕೀರನ್ ರಿಚರ್ಡ್‌ಸನ್ ಒದ್ದ ಫ್ರೀ ಕಿಕ್ ನ್ಯೂಕ್ಯಾಸಲ್ ತಂಡದ ಬಲೆಯನ್ನು ಹೊಕ್ಕಿತು. ಸಂಡರ್‌ಲ್ಯಾಂಡ್‌ಗೆ 2–1 ಗೆಲುವು. ಪಕ್ಕದ ಊರಿನ ಬದ್ಧ ಎದುರಾಳಿಯನ್ನು ತವರಿನಲ್ಲಿ ಸೋಲಿಸಿ 28 ವರ್ಷಗಳಾಗಿದ್ದವು. ಒಂದು ಇಡೀ ತಲೆಮಾರು ಆ ಗೆಲುವನ್ನು ಕಣ್ಣಾರೆ ಕಾಣದೆಯೇ ದೊಡ್ಡದಾಗಿತ್ತು. ಅಂದು ಸಂಜೆ ಮ್ಯಾನೇಜರ್ ರಾಯ್ ಕೀನ್ ಅವರನ್ನು ಆ ಊರು ತಲೆಯ ಮೇಲೆ ಹೊತ್ತುಕೊಂಡಿತ್ತು.

ಆರು ವಾರ ತುಂಬುವ ಮೊದಲೇ, ಡಿಸೆಂಬರ್ 4ರಂದು, ಕೀನ್ ರಾಜೀನಾಮೆ ಕೊಟ್ಟರು. ಅದಕ್ಕೂ ಐದು ದಿನ ಮೊದಲು ತಂಡ ಅದೇ ಮೈದಾನದಲ್ಲಿ ಬೋಲ್ಟನ್ ಎದುರು 1–4ರಿಂದ ಸೋತು ಇಂಗ್ಲೆಂಡಿನ ಅಗ್ರ ಹಂತವಾದ ಪ್ರೀಮಿಯರ್ ಲೀಗ್ ಪಟ್ಟಿಯ 18ನೆಯ ಸ್ಥಾನಕ್ಕೆ ಕುಸಿದಿತ್ತು. ಎರಡು ವರ್ಷ ಮೂರು ತಿಂಗಳಲ್ಲಿ ಅವರು ನಡೆಸಿದ್ದು ಸರಿಯಾಗಿ ನೂರು ಪಂದ್ಯ. 42 ಗೆಲುವು, 17 ಡ್ರಾ, 41 ಸೋಲು.

ಈ ನೂರು ಪಂದ್ಯಗಳ ಕಥೆಗೆ ಸಿದ್ಧ ವಿವರಣೆಯೊಂದಿದೆ. ಕೀನ್ ಮುಂಗೋಪಿ, ಸಾಧಾರಣ ಆಟಗಾರರನ್ನು ಸಹಿಸದವರು, ಹಾಗಾಗಿ ಮ್ಯಾನೇಜರ್ ಆಗಿ ಬಾಳಲಿಲ್ಲ ಎನ್ನುವುದು ಅದು. ಆದರೆ ಅದೇ ಕೋಪ, ಅದೇ ಅಸಹನೆ ಇದ್ದಾಗಲೇ ಅವರು ಎರಡನೆಯ ಹಂತದ ಲೀಗ್ ಪಟ್ಟಿಯ ಬುಡದಲ್ಲಿದ್ದ ತಂಡವನ್ನು ಒಂಬತ್ತು ತಿಂಗಳಲ್ಲಿ ಚಾಂಪಿಯನ್ ಮಾಡಿದ್ದರು. ಮನುಷ್ಯ ಬದಲಾಗಿರಲಿಲ್ಲ. ಬದಲಾದದ್ದೇನು ಎಂದು ನೋಡುತ್ತ ಹೋದರೆ ಕಣ್ಣಿಗೆ ಬೀಳುವುದು ಇನ್ನೊಬ್ಬ ಐರಿಷ್ ಆಟಗಾರ, ಆಗ ಕ್ಲಬ್‌ನ ಅಧ್ಯಕ್ಷರಾಗಿದ್ದ ನೈಲ್ ಕ್ವಿನ್. ಸಂಡರ್‌ಲ್ಯಾಂಡ್ ಏಳಿಗೆ ಒಬ್ಬರ ಸಾಧನೆಯಾಗಿರಲಿಲ್ಲ, ಒಂದು ಜೋಡಿಯ ಸಾಧನೆಯಾಗಿತ್ತು ಎಂಬುದು ನನ್ನ ಗ್ರಹಿಕೆ. ಜೋಡಿ ಸಡಿಲವಾದಾಗ ಕೆಲಸವೂ ಸಡಿಲವಾಯಿತು.

ಸೈಪಾನ್‌ನ ನೆರಳು

ಈ ಜೋಡಿ ಕೂಡಿದ್ದೇ ಒಂದು ಸೋಜಿಗ. ಅದು ಅರ್ಥವಾಗಬೇಕಾದರೆ 2002ರ ಮೇ ತಿಂಗಳಿಗೆ ಹೋಗಬೇಕು.

ಕೀನ್ ಹುಟ್ಟಿದ್ದು 1971ರಲ್ಲಿ, ಐರ್ಲೆಂಡಿನ ಕಾರ್ಕ್ ನಗರದ ಮೇಫೀಲ್ಡ್ ಬಡಾವಣೆಯಲ್ಲಿ. ಕೋವ್ ರ‍್ಯಾಂಬ್ಲರ್ಸ್ ಎಂಬ ಸಣ್ಣ ಕ್ಲಬ್‌ನಲ್ಲಿ ಆಡುತ್ತಿದ್ದ ಹುಡುಗನನ್ನು 1990ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ 47,000 ಪೌಂಡ್ ಕೊಟ್ಟು ಕರೆದೊಯ್ದಿತು. ಮೂರು ವರ್ಷಗಳಲ್ಲಿ ಬೆಲೆ 37.5 ಲಕ್ಷ ಪೌಂಡ್‌ಗೆ ಏರಿ, ಅಂದಿನ ಬ್ರಿಟಿಷ್ ದಾಖಲೆಯೊಂದಿಗೆ ಅವರು ಮ್ಯಾಂಚೆಸ್ಟರ್ ಯುನೈಟೆಡ್ ಸೇರಿದರು. 1997ರಲ್ಲಿ ನಾಯಕರಾದರು, ಒಟ್ಟು ಏಳು ಲೀಗ್ ಪ್ರಶಸ್ತಿ ಗೆದ್ದರು. 1999ರ ಏಪ್ರಿಲ್‌ನಲ್ಲಿ ಟ್ಯೂರಿನ್‌ನಲ್ಲಿ ಯುವೆಂಟಸ್ ಎದುರಿನ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಎರಡು ಗೋಲು ಹಿಂದಿದ್ದ ತಂಡವನ್ನು ಮೇಲೆತ್ತುವ ಮೊದಲ ಗೋಲು ಹೊಡೆದರು. ಅದೇ ಪಂದ್ಯದಲ್ಲಿ ಹಳದಿ ಕಾರ್ಡ್ ಪಡೆದು ಫೈನಲ್ ಆಡುವ ಅವಕಾಶ ಕಳೆದುಕೊಂಡರು. ಕಾರ್ಡ್ ಸಿಕ್ಕ ಮೇಲೂ ಅವರ ಓಟದಲ್ಲಿ ಎಳ್ಳಷ್ಟೂ ವ್ಯತ್ಯಾಸ ಕಾಣಲಿಲ್ಲ. ತನಗೆ ಸಿಗದ ಫೈನಲ್‌ಗೆ ತಂಡವನ್ನು ತಲುಪಿಸಿದ ಆ ರಾತ್ರಿಯನ್ನು ನೋಡಿದವರು ಯಾರೂ ಮರೆತಿರಲಾರರು.

2002ರ ವಿಶ್ವಕಪ್‌ಗೆ ಮುನ್ನ ಐರ್ಲೆಂಡ್ ತಂಡ ಪೆಸಿಫಿಕ್ ಸಾಗರದ ಸೈಪಾನ್ ದ್ವೀಪದಲ್ಲಿ ಬೀಡುಬಿಟ್ಟಿತು. ಅಭ್ಯಾಸದ ಸಾಮಗ್ರಿ ಸಮಯಕ್ಕೆ ಬಂದಿರಲಿಲ್ಲ, ಮೈದಾನ ಕಲ್ಲಿನಂತೆ ಗಟ್ಟಿಯಾಗಿತ್ತು. ನಾಯಕರಾಗಿದ್ದ ಕೀನ್ ಇದನ್ನೆಲ್ಲ ಪತ್ರಿಕೆಯೊಂದಕ್ಕೆ ಬಿಚ್ಚಿ ಹೇಳಿದರು. ಮ್ಯಾನೇಜರ್ ಮಿಕ್ ಮೆಕಾರ್ಥಿ ಎಲ್ಲ ಆಟಗಾರರ ಎದುರಿನಲ್ಲಿ ಆ ಸಂದರ್ಶನವನ್ನು ಎತ್ತಿದಾಗ ಕೀನ್ ಸಿಡಿದರು. ಅದೇ ರಾತ್ರಿ ಅವರ ವಿಶ್ವಕಪ್ ಮುಗಿಯಿತು. ಮೆಕಾರ್ಥಿ ಪರವಾಗಿ ಪತ್ರಕರ್ತರ ಮುಂದೆ ಕುಳಿತ ಹಿರಿಯ ಆಟಗಾರರಲ್ಲಿ ನೈಲ್ ಕ್ವಿನ್ ಒಬ್ಬರು. ಅನಂತರ ಕೀನ್ ಅವರನ್ನು ಹಿಂದಕ್ಕೆ ಕರೆತರಲು ಹೆಣಗಾಡಿದವರಲ್ಲಿಯೂ ಕ್ವಿನ್ ಇದ್ದರು. ಎರಡೂ ಪ್ರಯತ್ನ ಅವರನ್ನು ಎರಡೂ ಕಡೆಯವರಿಂದ ಬೈಸಿದವು. ಐರ್ಲೆಂಡಿನಲ್ಲಿ ಮನೆಮನೆಯೂ ಎರಡು ಪಕ್ಷವಾಗಿತ್ತು.

ಆ ಮನಸ್ತಾಪದ ಒಂದು ಬೇರು ಸಂಡರ್‌ಲ್ಯಾಂಡ್‌ನಲ್ಲೇ ಇತ್ತು. ಸೈಪಾನ್‌ಗೆ ಹೊರಡುವ ಕೆಲವೇ ದಿನ ಮೊದಲು, ಆಗ ಸಂಡರ್‌ಲ್ಯಾಂಡ್ ಪರ ಆಡುತ್ತಿದ್ದ ಕ್ವಿನ್ ಗೌರವಾರ್ಥ ಸ್ಟೇಡಿಯಂ ಆಫ್ ಲೈಟ್‌ನಲ್ಲಿ ಒಂದು ಪಂದ್ಯ ನಡೆದಿತ್ತು. ಅದರಿಂದ ಬಂದ ಸುಮಾರು ಹತ್ತು ಲಕ್ಷ ಪೌಂಡನ್ನು ಕ್ವಿನ್ ಮಕ್ಕಳ ಆಸ್ಪತ್ರೆಗಳಿಗೆ ಮತ್ತು ಇತರ ಸೇವಾಕಾರ್ಯಗಳಿಗೆ ಕೊಟ್ಟುಬಿಟ್ಟರು. ಕೀನ್ ಆ ಪಂದ್ಯಕ್ಕೆ ಬಂದಿರಲಿಲ್ಲ, ಪತ್ರಿಕೆಗಳು ಅದನ್ನೇ ದೊಡ್ಡದು ಮಾಡಿದ್ದವು. ಆಗಸ್ಟ್‌ನಲ್ಲಿ ಯುನೈಟೆಡ್ ಪರ ಆಡಲು ಅದೇ ಮೈದಾನಕ್ಕೆ ಬಂದ ಕೀನ್, ಸಂಡರ್‌ಲ್ಯಾಂಡ್‌ನಲ್ಲಿದ್ದ ತಮ್ಮ ಐರ್ಲೆಂಡ್ ಸಹ ಆಟಗಾರ ಜೇಸನ್ ಮೆಕಟೀರ್ ಅವರಿಗೆ ಮೊಣಕೈಯಿಂದ ತಿವಿದು ಕೆಂಪು ಕಾರ್ಡ್ ಪಡೆದು ಹೊರನಡೆದರು. ನಾಲ್ಕು ವರ್ಷ ಕಳೆದ ಮೇಲೆ ಅದೇ ಜನ ಅವರನ್ನು ಹೆಗಲ ಮೇಲೆ ಹೊರುತ್ತಾರೆಂದು ಆಗ ಯಾರಾದರೂ ಹೇಳಿದ್ದರೆ ಹುಚ್ಚರ ಮಾತು ಎನ್ನುತ್ತಿದ್ದರು.

ಒಂದು ಮಾತನ್ನು ಇಲ್ಲೇ ಹೇಳಬೇಕು. ಐರಿಷ್ ಫುಟ್‌ಬಾಲ್ ಸಂಸ್ಥೆಯೇ ಆನಂತರ ಜೆನೆಸಿಸ್ ಎಂಬ ಸಲಹಾ ಸಂಸ್ಥೆಯಿಂದ ವರದಿ ಮಾಡಿಸಿತು. ಸಿದ್ಧತೆಯ ಕೊರತೆಗಳ ಬಗ್ಗೆ ಕೀನ್ ಎತ್ತಿದ್ದ ಆಕ್ಷೇಪಗಳಲ್ಲಿ ಬಹಳಷ್ಟು ಸರಿಯಾಗಿದ್ದವು ಎಂಬುದು ಅದರಲ್ಲಿ ಹೊರಬಂತು. ಹೇಳಿದ ರೀತಿ ಬೇರೆ, ಹೇಳಿದ ವಿಷಯ ಬೇರೆ. ಕೀನ್ ಅವರ ಬದುಕಿನಲ್ಲಿ ಈ ಎರಡರ ನಡುವಿನ ಕಂದಕ ಮತ್ತೆ ಮತ್ತೆ ಬಾಯಿ ತೆರೆಯುತ್ತದೆ. ಅದರ ಮೇಲೆ ಸಂಕ ಹಾಕಿಕೊಡುವ ಒಬ್ಬ ಮನುಷ್ಯ ಪಕ್ಕದಲ್ಲಿದ್ದಾಗ ಮಾತ್ರ ಅವರು ಆಚೆ ದಡ ಮುಟ್ಟಿದ್ದಾರೆ.

ಕಲ್ಲಿದ್ದಲ ಗಣಿಯ ಮೇಲಿನ ಮೈದಾನ

ಸಂಡರ್‌ಲ್ಯಾಂಡ್ ವೇರ್ ನದಿಯ ಮುಖದಲ್ಲಿರುವ ಊರು. ಹಡಗು ಕಟ್ಟುವುದು, ಕಲ್ಲಿದ್ದಲು ತೆಗೆಯುವುದು ಅದರ ಕುಲಕಸುಬು. ಕೊನೆಯ ಹಡಗುಕಟ್ಟೆಗಳು 1988ರಲ್ಲಿ ಮುಚ್ಚಿದವು, ವೇರ್‌ಮೌತ್ ಗಣಿ 1993ರಲ್ಲಿ ಮುಚ್ಚಿತು. ಆ ಗಣಿಯ ಜಾಗದ ಮೇಲೆಯೇ 1997ರಲ್ಲಿ ಸ್ಟೇಡಿಯಂ ಆಫ್ ಲೈಟ್ ಎದ್ದು ನಿಂತಿತು. ಹೊರಗಡೆ ಗಣಿ ಕಾರ್ಮಿಕರ ದೀಪದ ದೊಡ್ಡ ಪ್ರತಿಕೃತಿಯೊಂದಿದೆ. ಕೆಲಸ ಹೋದ ಊರಿಗೆ ಶನಿವಾರದ ಪಂದ್ಯವೊಂದೇ ಉಳಿದ ಹೆಮ್ಮೆ ಎನ್ನುವುದು ಅತಿಶಯೋಕ್ತಿಯಾಗಬಹುದು, ಆದರೆ ಬಹಳ ದೊಡ್ಡ ಅತಿಶಯೋಕ್ತಿಯೇನಲ್ಲ.

ಆ ಹೆಮ್ಮೆ 2005–06ರಲ್ಲಿ ನೆಲ ಕಚ್ಚಿತ್ತು. 38 ಪಂದ್ಯಗಳಲ್ಲಿ ಮೂರೇ ಗೆಲುವು, 15 ಪಾಯಿಂಟ್. ಪ್ರೀಮಿಯರ್ ಲೀಗ್ ಅಲ್ಲಿಯವರೆಗೆ ಕಂಡ ಅತಿ ಕಡಿಮೆ ಮೊತ್ತ ಅದು. ತಂಡ ಎರಡನೆಯ ಹಂತದ ಲೀಗ್‌ಗೆ ಇಳಿಯಿತು. ಮೂರು ವರ್ಷ ಹಿಂದೆ 19 ಪಾಯಿಂಟ್‌ನೊಂದಿಗೆ ಕೆಳಗಿಳಿದು ಅದೇ ಕ್ಲಬ್ ಅಂಥದೇ ದಾಖಲೆ ಮಾಡಿತ್ತು. 2006ರ ಮಾರ್ಚ್‌ನಲ್ಲಿ ಕೆಲಸ ಕಳೆದುಕೊಂಡ ಮ್ಯಾನೇಜರ್ ಯಾರೆಂದರೆ, ಅದೇ ಮಿಕ್ ಮೆಕಾರ್ಥಿ.

ಆ ಬೇಸಿಗೆಯಲ್ಲಿ ಕ್ವಿನ್ ಐರ್ಲೆಂಡಿನ ಕೆಲವು ಉದ್ಯಮಿಗಳನ್ನು ಕೂಡಿಸಿ ಡ್ರುಮವಿಲ್ ಎಂಬ ಒಕ್ಕೂಟ ಕಟ್ಟಿ, ಕ್ಲಬ್ಬನ್ನು ಕೊಂಡರು. ಕಟ್ಟಡ ನಿರ್ಮಾಣ, ಪಬ್ಬು ವ್ಯವಹಾರದಲ್ಲಿ ಹಣ ಮಾಡಿದ್ದ ಜನ ಅವರು. ಕ್ವಿನ್ ಅಧ್ಯಕ್ಷರಾದರು. ಒಪ್ಪುವ ಮ್ಯಾನೇಜರ್ ಸಿಗದೆ ತಾವೇ ತಂಡವನ್ನೂ ನಡೆಸಿದರು. ಅದು ಕೈಮೀರಿದ ಕೆಲಸವಾಯಿತು. ಲೀಗ್‌ನ ಮೊದಲ ನಾಲ್ಕೂ ಪಂದ್ಯಗಳಲ್ಲಿ ಸೋಲು. ಲೀಗ್ ಕಪ್‌ನಲ್ಲಿ ನಾಲ್ಕನೆಯ ಹಂತದ ‘ಬರಿ’ ಎಂಬ ತಂಡದ ಎದುರು 0–2. ಇನ್ನು ತಮ್ಮಿಂದಾಗದು ಎಂದು ಅವರು ಬಹಿರಂಗವಾಗಿ ಒಪ್ಪಿಕೊಂಡರು. ಆಗ ಅವರು ಕದ ತಟ್ಟಿದ್ದು ಕೀನ್ ಮನೆಯದು.

ಕೀನ್ ಆಗಷ್ಟೇ ಆಟದಿಂದ ನಿವೃತ್ತರಾಗಿದ್ದರು. 2005ರ ನವೆಂಬರ್‌ನಲ್ಲಿ ಯುನೈಟೆಡ್‌ನ ಸ್ವಂತ ಟಿವಿ ವಾಹಿನಿಗೆ ಸಹ ಆಟಗಾರರನ್ನು ತರಾಟೆಗೆ ತೆಗೆದುಕೊಂಡು ಮಾತನಾಡಿದ್ದರು. ಆ ಸಂದರ್ಶನ ಪ್ರಸಾರವೇ ಆಗಲಿಲ್ಲ. ಕೆಲವೇ ದಿನಗಳಲ್ಲಿ ಹನ್ನೆರಡೂವರೆ ವರ್ಷಗಳ ನಂಟು ಕಡಿದುಹೋಯಿತು. ಸೆಲ್ಟಿಕ್‌ನಲ್ಲಿ ಅರ್ಧ ಋತು ಆಡಿದರು, ಸೊಂಟದ ನೋವು ತಾಳಲಾರದೆ ಬೂಟು ಕಳಚಿದರು. ಮ್ಯಾನೇಜರ್ ಆಗಿ ಒಂದು ದಿನದ ಅನುಭವವೂ ಇರಲಿಲ್ಲ. ವಯಸ್ಸು 35.

ಕ್ವಿನ್ ಮಾಡಿದ ಈ ಒಂದು ಕೆಲಸಕ್ಕೆ ಐರಿಷ್ ಫುಟ್‌ಬಾಲ್ ಇತಿಹಾಸದಲ್ಲಿ ದೊಡ್ಡ ಸ್ಥಾನ ಕೊಡಬೇಕು ಎಂದು ನಾನು ನಂಬುತ್ತೇನೆ. ತನ್ನನ್ನು ಹೀನಾಯವಾಗಿ ನಿಂದಿಸಿದ ಮನುಷ್ಯನ ಬಳಿಗೆ ತಾನಾಗಿಯೇ ಹೋಗಿ, ನನ್ನ ಮನೆ ಉರಿಯುತ್ತಿದೆ, ಬಂದು ಆರಿಸು ಎಂದು ಕೇಳುವುದು ಸಣ್ಣ ಮನಸ್ಸಿನವರಿಂದ ಆಗುವ ಕೆಲಸವಲ್ಲ. ಅದನ್ನು ಒಪ್ಪಿ ಬಂದ ಕೀನ್ ಕೂಡ ತಮ್ಮ ಹಟದ ಒಂದು ತುಂಡನ್ನು ಬಾಗಿಲ ಹೊರಗೆ ಬಿಟ್ಟೇ ಬಂದಿರಬೇಕು.

ಒಂಬತ್ತು ತಿಂಗಳು

2006ರ ಆಗಸ್ಟ್ ಕೊನೆಯಲ್ಲಿ ಮೂರು ವರ್ಷಗಳ ಒಪ್ಪಂದಕ್ಕೆ ಸಹಿಯಾಯಿತು. ವರ್ಗಾವಣೆಯ ಗಡುವಿಗೆ ಉಳಿದದ್ದು ಬೆರಳೆಣಿಕೆಯ ದಿನ. ಅಷ್ಟರಲ್ಲೇ ಕೀನ್ ಆರು ಆಟಗಾರರನ್ನು ತಂದರು: ಮ್ಯಾಂಚೆಸ್ಟರ್ ಯುನೈಟೆಡ್‌ನಿಂದ ಲಿಯಾಮ್ ಮಿಲ್ಲರ್, ಸೆಲ್ಟಿಕ್‌ನಿಂದ ರಾಸ್ ವ್ಯಾಲೇಸ್ ಮತ್ತು ಸ್ಟಾನ್ ವಾರ್ಗಾ, ವಿಗನ್‌ನಿಂದ ಗ್ರಹಾಂ ಕ್ಯಾವನಾ ಮತ್ತು ಡೇವಿಡ್ ಕಾನಲಿ, ಸಿಡ್ನಿಯಿಂದ ಡ್ವೈಟ್ ಯಾರ್ಕ್. ಯಾರ್ಕ್ 1999ರ ಯುನೈಟೆಡ್ ತಂಡದಲ್ಲಿ ಗೋಲು ಹೊಡೆಯುತ್ತಿದ್ದವರು, ಆಗ 35ರ ಅಂಚಿನಲ್ಲಿದ್ದರು. ಕೀನ್ ಅವರನ್ನು ಮಧ್ಯಮೈದಾನಕ್ಕೆ ಇಳಿಸಿ ಚೆಂಡನ್ನು ಶಾಂತವಾಗಿ ಇಟ್ಟುಕೊಳ್ಳುವ ಕೆಲಸ ಕೊಟ್ಟರು. ಭಯಬಿದ್ದ ತಂಡಕ್ಕೆ ಬೇಕಾಗಿದ್ದುದೂ ಅದೇ.

ಮೊದಲ ಪಂದ್ಯ ಸೆಪ್ಟೆಂಬರ್ 9ರಂದು ಡರ್ಬಿ ನಗರದಲ್ಲಿ. ವಿರಾಮದ ಹೊತ್ತಿಗೆ ಹಿಂದಿದ್ದ ತಂಡ 2–1ರಿಂದ ಗೆದ್ದಿತು. ನಾಲ್ಕು ದಿನಗಳ ಬಳಿಕ ಲೀಡ್ಸ್‌ಗೆ ಹೋಗಿ 3–0. ಅಲ್ಲಿಂದ ಮುಂದೆ ಹೂವಿನ ಹಾದಿಯೇನೂ ಇರಲಿಲ್ಲ. ಶರತ್ಕಾಲದಲ್ಲಿ ಪ್ರೆಸ್ಟನ್‌ನಲ್ಲಿ 1–4ರ ಹೊಡೆತವೂ ಸೇರಿದಂತೆ ಹಲವು ಸೋಲು ಬಂದವು. ನವೆಂಬರ್‌ನಲ್ಲಿ ವುಲ್ವ್ಸ್ ಮೈದಾನದಲ್ಲಿ, ಆಗ ಆ ತಂಡದ ಮ್ಯಾನೇಜರ್ ಆಗಿದ್ದ ಮೆಕಾರ್ಥಿ ಮತ್ತು ಕೀನ್ ಎದುರುಬದುರಾದರು. ಕ್ಯಾಮೆರಾಗಳೆಲ್ಲ ಆ ಎರಡು ಕೈಗಳ ಮೇಲೆಯೇ ನೆಟ್ಟಿದ್ದವು. ಇಬ್ಬರೂ ಕೈ ಕುಲುಕಿದರು. ಪಂದ್ಯ 1–1.

ಜನವರಿಯಲ್ಲಿ ತಂಡಕ್ಕೆ ನಿಜವಾದ ಆಕಾರ ಬಂತು. ಯುನೈಟೆಡ್‌ನಿಂದ ಜಾನಿ ಇವಾನ್ಸ್ ಮತ್ತು ಡ್ಯಾನಿ ಸಿಂಪ್ಸನ್ ಎರವಲಾಗಿ ಬಂದರು. ಲೂಟನ್‌ನಿಂದ ಟ್ರಿನಿಡಾಡಿನ ಕಾರ್ಲೋಸ್ ಎಡ್ವರ್ಡ್ಸ್, ಕವೆಂಟ್ರಿಯಿಂದ ಸ್ಟರ್ನ್ ಜಾನ್. ಎಲ್ಲಕ್ಕಿಂತ ಜಾಣ ನಡೆ ಹೊಸಬರದ್ದಲ್ಲ, ಹಳಬರೊಬ್ಬರದ್ದು. ರೈಟ್ ಬ್ಯಾಕ್ ಜಾಗದಲ್ಲಿ ತಡವರಿಸಿ ಅಭಿಮಾನಿಗಳ ಗೇಲಿಗೆ ಗುರಿಯಾಗಿದ್ದ ನೈರನ್ ನಾಸ್ವರ್ದಿ ಅವರನ್ನು ಕೀನ್ ರಕ್ಷಣೆಯ ನಡುಮಧ್ಯಕ್ಕೆ, ಹತ್ತೊಂಬತ್ತರ ಇವಾನ್ಸ್ ಪಕ್ಕಕ್ಕೆ ತಂದು ನಿಲ್ಲಿಸಿದರು. ಒಬ್ಬನ ವೇಗ ಮತ್ತು ಕಸುವು, ಇನ್ನೊಬ್ಬನ ಓದುಗಣ್ಣು. ಆ ಗೋಡೆ ಬಿರುಕು ಬಿಡಲಿಲ್ಲ. ಸಾಧಾರಣ ಆಟಗಾರರನ್ನು ಸಹಿಸಲಾರದ ಮನುಷ್ಯ ಎನ್ನುವವರು ಈ ಒಂದು ಉದಾಹರಣೆಯನ್ನಾದರೂ ನೆನಪಿಡಬೇಕು. ಹೊಸ ವರ್ಷದಿಂದ ಏಪ್ರಿಲ್ ಮೂರನೆಯ ವಾರದವರೆಗೆ ಸಂಡರ್‌ಲ್ಯಾಂಡ್ ಒಂದೇ ಒಂದು ಲೀಗ್ ಪಂದ್ಯ ಸೋಲಲಿಲ್ಲ.

ಶಿಸ್ತಿನ ಬಗ್ಗೆ ಎಲ್ಲರೂ ಹೇಳುವ ಘಟನೆ ಮಾರ್ಚ್‌ನದು. ಬಾರ್ನ್ಸ್‌ಲಿ ಪಂದ್ಯಕ್ಕೆ ಹೊರಡುವ ಬಸ್ಸಿಗೆ ಆಂಥೊನಿ ಸ್ಟೋಕ್ಸ್, ಮಾರ್ಟನ್ ಫುಲೊಪ್ ಮತ್ತು ತೋಬಿಯಾಸ್ ಹೈಸನ್ ತಡವಾಗಿ ಬಂದರು. ಬಸ್ಸು ಅವರನ್ನು ಬಿಟ್ಟೇ ಹೊರಟಿತು. ಅವರಿಲ್ಲದೆ ತಂಡ 2–0ರಿಂದ ಗೆದ್ದಿತು. ಘಟನೆಯ ಮುಂದಿನ ಅರ್ಧವನ್ನು ಹೇಳುವವರು ಕಡಿಮೆ. ಸ್ಟೋಕ್ಸ್ ಮತ್ತೆ ತಂಡಕ್ಕೆ ಬಂದರು, ಋತುವಿನ ಕೊನೆಯ ಪಂದ್ಯದಲ್ಲಿ ಮೊದಲ ಗೋಲನ್ನೂ ಅವರೇ ಹೊಡೆದರು. ಶಿಕ್ಷೆಯೂ ಇತ್ತು, ಶಿಕ್ಷೆಗೆ ಒಂದು ಕೊನೆಯೂ ಇತ್ತು.

ಅದೇ ತಿಂಗಳ ಕೊನೆಯಲ್ಲಿ ಇನ್ನೊಂದು ಘಟನೆ. ಕಾರ್ಡಿಫ್‌ನಲ್ಲಿ 1–0 ಗೆದ್ದು ಬ್ರಿಸ್ಟಲ್ ವಿಮಾನ ನಿಲ್ದಾಣಕ್ಕೆ ಬಂದ ಸಂಡರ್‌ಲ್ಯಾಂಡ್ ಅಭಿಮಾನಿಗಳು ಅದೇ ವಿಮಾನದಲ್ಲಿದ್ದ ಕ್ವಿನ್ ಅವರನ್ನು ಕಂಡು ಹಾಡತೊಡಗಿದರು. ಗಲಾಟೆಯೆಂದು ಎಲ್ಲರನ್ನೂ ಇಳಿಸಲಾಯಿತು. ಕ್ವಿನ್ ತಮ್ಮ ಜೇಬಿನಿಂದ ಸಾವಿರಾರು ಪೌಂಡ್ ಕೊಟ್ಟು ಟ್ಯಾಕ್ಸಿಗಳನ್ನು ಗೊತ್ತುಮಾಡಿ, ಆ ಜನರನ್ನು ರಾತ್ರೋರಾತ್ರಿ ಇಂಗ್ಲೆಂಡಿನ ಒಂದು ತುದಿಯಿಂದ ಇನ್ನೊಂದು ತುದಿಗೆ, ಸಂಡರ್‌ಲ್ಯಾಂಡ್‌ಗೆ ಕಳಿಸಿದರು.

ಈ ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು ಎಂಬುದು ನನ್ನ ಕೋರಿಕೆ. ತಡವಾಗಿ ಬಂದ ಮೂವರಿಗೆ ಬಸ್ಸಿಲ್ಲ ಎಂದ ಮ್ಯಾನೇಜರ್, ವಿಮಾನದಿಂದ ಇಳಿಸಲ್ಪಟ್ಟವರಿಗೆಲ್ಲ ಟ್ಯಾಕ್ಸಿ ಹಿಡಿದ ಅಧ್ಯಕ್ಷ. ಒಂದೇ ಮನೆಯಲ್ಲಿ ಅಪ್ಪನ ಗದರಿಕೆಯೂ ಅಜ್ಜನ ಮಡಿಲೂ ಇದ್ದಂತೆ. ಗದರಿಸಿಕೊಂಡ ಆಟಗಾರ ಕಂಗೆಟ್ಟು ಓಡಿಹೋಗುವ ಪ್ರಮೇಯ ಬರಲಿಲ್ಲ, ಮಡಿಲಿನ ಬೆಚ್ಚಗೆ ಯಾರನ್ನೂ ಸೋಮಾರಿಯಾಗಿಸಲಿಲ್ಲ. ಆ ವರ್ಷ ಕ್ವಿನ್ ಪತ್ರಿಕೆಗಳ ಮುಂದೆ, ಹೂಡಿಕೆದಾರರ ಮುಂದೆ, ಊರಿನ ಮುಂದೆ ಕೀನ್ ಅವರನ್ನು ವಿವರಿಸುವ ಕೆಲಸ ಮಾಡಿದರು. ಹಣ ಕೊಟ್ಟವರೂ ಅವರ ಊರಿನವರೇ, ಒಂದು ಫೋನಿನಲ್ಲಿ ಮಾತು ಮುಗಿಯುತ್ತಿತ್ತು. ಕೀನ್‌ಗೆ ಉಳಿದದ್ದು ಬರಿಯ ಫುಟ್‌ಬಾಲ್.

ಏಪ್ರಿಲ್ 27ರ ಶುಕ್ರವಾರ ರಾತ್ರಿ ಬರ್ನ್ಲಿ ಎದುರು ತವರಿನಲ್ಲಿ 1–2 ಹಿಂದಿದ್ದರು. ಕಾನಲಿ ಪೆನಾಲ್ಟಿಯಿಂದ ಸಮ ಮಾಡಿದರು. ಪಂದ್ಯ ಮುಗಿಯಲು ಹತ್ತು ನಿಮಿಷವಿದ್ದಾಗ ಕಾರ್ಲೋಸ್ ಎಡ್ವರ್ಡ್ಸ್ ದೂರದಿಂದ ಬಾರಿಸಿದ ಚೆಂಡು ಮೇಲ್ಮೂಲೆಗೆ ಸಿಡಿಯಿತು. ಆ ಮೈದಾನದ ಸದ್ದು ಅಂದಿನಷ್ಟು ಎಂದೂ ಏರಿರಲಿಲ್ಲ ಎಂದು ಅಲ್ಲಿದ್ದವರು ಇಂದಿಗೂ ಹೇಳುತ್ತಾರೆ. ಎರಡು ದಿನಗಳಲ್ಲಿ ಪೈಪೋಟಿಯಲ್ಲಿದ್ದ ಡರ್ಬಿ ತಂಡ ಸೋತು ಸಂಡರ್‌ಲ್ಯಾಂಡ್‌ಗೆ ಪ್ರೀಮಿಯರ್ ಲೀಗ್‌ಗೆ ಬಡ್ತಿ ಖಚಿತವಾಯಿತು. ಮೇ 6ರಂದು ಲೂಟನ್‌ನಲ್ಲಿ 5–0. 88 ಪಾಯಿಂಟ್‌ಗಳೊಂದಿಗೆ ಚಾಂಪಿಯನ್.

ಹಣ ಹೆಚ್ಚಿದ ಮೇಲೆ

ಪ್ರೀಮಿಯರ್ ಲೀಗ್‌ನ ಮೊದಲ ವರ್ಷದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟಾಟೆನ್‌ಹ್ಯಾಮ್ ಎದುರು ಮೈಕಲ್ ಚೋಪ್ರಾ ಕೊನೆಯ ಗಳಿಗೆಯಲ್ಲಿ ಹೊಡೆದ ಗೋಲಿನಿಂದ ಅದು ಆರಂಭವಾಯಿತು. ನವೆಂಬರ್‌ನಲ್ಲಿ ಎವರ್ಟನ್ 7–1ರಿಂದ ಬಡಿಯಿತು. ಪರಸ್ಥಳದ ಮೊದಲ ಗೆಲುವಿಗೆ ಮಾರ್ಚ್‌ವರೆಗೆ, ಆಸ್ಟನ್ ವಿಲ್ಲಾ ಮೈದಾನದವರೆಗೆ ಕಾಯಬೇಕಾಯಿತು. 39 ಪಾಯಿಂಟ್, 15ನೆಯ ಸ್ಥಾನ. ಬಡ್ತಿ ಪಡೆದು ಬಂದ ತಂಡಕ್ಕೆ ಇದು ಗೌರವದ ಮೊತ್ತವೇ.

ಆದರೆ ಆ ವರ್ಷದ ಖರೀದಿಯಲ್ಲಿ ಮುಂದಿನದರ ಸುಳಿವಿತ್ತು. ಗೋಲ್‌ಕೀಪರ್ ಕ್ರೇಗ್ ಗಾರ್ಡನ್ ಅವರಿಗೆ 90 ಲಕ್ಷ ಪೌಂಡ್, ಬ್ರಿಟನ್ನಿನಲ್ಲಿ ಗೋಲ್‌ಕೀಪರ್‌ಗೆ ಅಲ್ಲಿಯವರೆಗೆ ಯಾರೂ ಕೊಡದ ಬೆಲೆ. ಅದರ ಜೊತೆಗೆ ರಿಚರ್ಡ್‌ಸನ್, ಆಂಡಿ ಕೋಲ್, ಪಾಲ್ ಮೆಕ್‌ಶೇನ್, ಫಿಲ್ ಬಾರ್ಡ್ಸ್‌ಲಿ, ಮತ್ತೆ ಎರವಲಿಗೆ ಇವಾನ್ಸ್: ಎಲ್ಲರೂ ಮ್ಯಾಂಚೆಸ್ಟರ್ ಯುನೈಟೆಡ್ ನೀರು ಕುಡಿದವರೇ. ಹೊಸ ಮನೆ ಕಟ್ಟುವವರು ಹಳೆಯ ಮನೆಯ ಹಂಚು, ತೊಲೆಗಳನ್ನೇ ಹುಡುಕಿದಂತೆ, ತಮಗೆ ಗೊತ್ತಿದ್ದ ಅಡುಗೆಮನೆಯಲ್ಲಿ ಬೆಳೆದವರನ್ನೇ ಕೀನ್ ನಂಬಿದರು. ಹೊರಗಿನವರನ್ನು ಕರೆಯಲು ಹೋದಾಗ ಊರು ದೂರ, ಹೆಂಡತಿಗೆ ಲಂಡನ್ನಿನ ಅಂಗಡಿಗಳು ಬೇಕು ಎಂಬ ಉತ್ತರ ಬರುತ್ತಿತ್ತು. ಅದನ್ನು ಅವರು ಬಹಿರಂಗವಾಗಿಯೇ ಖಂಡಿಸಿದರು. ಅಂಥ ಆಟಗಾರ ನಮಗೆ ಬೇಡವೇ ಬೇಡ ಎಂಬ ಆ ಮಾತು ಸಂಡರ್‌ಲ್ಯಾಂಡ್ ಜನರಿಗೆ ಹಾಲು ಕುಡಿದಷ್ಟು ಸಂತೋಷ ಕೊಟ್ಟಿತ್ತು.

2008ರ ಬೇಸಿಗೆಯಲ್ಲಿ ಅವರು ಮಾಡಿದ್ದು ತಮ್ಮದೇ ಮಾತಿಗೆ ಹೊಂದದ ಕೆಲಸ. ಟಾಟೆನ್‌ಹ್ಯಾಮ್‌ಗೆ ಬೇಡವಾದ ಪಾಸ್ಕಲ್ ಷಿಂಬೊಂಡಾ, ತೇಮು ತೈನಿಯೊ, ಸ್ಟೀಡ್ ಮಾಲ್ಬ್ರಾಂಕ್, ಬೋಲ್ಟನ್‌ನಿಂದ ಎಲ್ ಹಾಜಿ ದಿಯುಫ್, ಮಾರ್ಸೆಯಿಂದ ಎರವಲಾಗಿ ಜಿಬ್ರಿಲ್ ಸಿಸ್ಸೆ, ವೆಸ್ಟ್ ಹ್ಯಾಮ್‌ನಿಂದ ಆಂಟನ್ ಫರ್ಡಿನಾಂಡ್. ಪ್ರತಿಭೆಗೆ ಕೊರತೆಯಿಲ್ಲ. ಆದರೆ ಇವರಲ್ಲಿ ಬಹುಪಾಲು ಜನ ಹೆಸರು ಮಾಡಿ, ಹಣ ಮಾಡಿ ಬಂದವರು. ಬಸ್ಸು ಬಿಟ್ಟು ಹೋದರೆ ಕಾರಿನಲ್ಲಿ ಬರುವವರು. ಎರಡು ವರ್ಷ ಹಿಂದಿನ ತಂಡಕ್ಕೆ ಕೀನ್ ಎದುರು ನಿಲ್ಲುವುದೇ ಒಂದು ಭಾಗ್ಯವಾಗಿತ್ತು. ಇವರಿಗೆ ಆ ಹಸಿವು ಇರಲಿಲ್ಲ. ಹಸಿವಿದ್ದವನಿಗೆ ಖಾರವೂ ರುಚಿಸುತ್ತದೆ. ಹೊಟ್ಟೆ ತುಂಬಿದವನ ಮುಂದೆ ಅದೇ ಖಾರವನ್ನು ಬಡಿಸಿದರೆ ತಟ್ಟೆ ಸರಿಸುತ್ತಾನೆ. ಕೀನ್ ಹೋದ ಮರು ತಿಂಗಳಲ್ಲೇ ಷಿಂಬೊಂಡಾ ಮತ್ತು ದಿಯುಫ್ ಇಬ್ಬರನ್ನೂ ಕ್ಲಬ್ ಸಾಗಹಾಕಿತು.

ಇದೇ ಹೊತ್ತಿಗೆ ಐರ್ಲೆಂಡಿನಲ್ಲಿ ಮನೆ-ನಿವೇಶನದ ಬೆಲೆಗಳು ಕುಸಿದು ಬ್ಯಾಂಕುಗಳು ಅಲುಗಾಡುತ್ತಿದ್ದವು. ಡ್ರುಮವಿಲ್ ಸದಸ್ಯರಲ್ಲಿ ಹಲವರ ಸಂಪತ್ತು ಅದೇ ನೆಲದಲ್ಲಿ ಹೂತಿತ್ತು. 2008ರ ಸೆಪ್ಟೆಂಬರ್‌ನಲ್ಲಿ ಐರಿಷ್ ಮೂಲದ ಅಮೆರಿಕನ್ ಹೂಡಿಕೆದಾರ ಎಲ್ಲಿಸ್ ಶಾರ್ಟ್ 30 ಶೇಕಡ ಪಾಲು ಕೊಂಡರು. ಮರುವರ್ಷ ಕ್ಲಬ್ ಪೂರ್ತಿ ಅವರದಾಯಿತು. ಈ ಬದಲಾವಣೆ ಕ್ರೀಡಾಪುಟಗಳಲ್ಲಿ ಸಣ್ಣ ಸುದ್ದಿಯಾಗಿತ್ತು. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಗಂಟು ಇಲ್ಲಿದೆ. ಕ್ವಿನ್ ಅಧ್ಯಕ್ಷರಾಗಿಯೇ ಉಳಿದರು, ಆದರೆ ಹಣದ ಕೀಲಿಕೈ ಅವರ ಕೈಯಲ್ಲಿ ಉಳಿಯಲಿಲ್ಲ. ಮ್ಯಾನೇಜರ್ ಮತ್ತು ಒಡೆಯರ ನಡುವೆ ಮಾತು ದಾಟಿಸುತ್ತಿದ್ದ ಸಂಕ ಕಿರಿದಾಯಿತು.

ಬೋಲ್ಟನ್ ಸೋಲಿನ ನಂತರ ಶಾರ್ಟ್ ನೇರವಾಗಿ ಕೀನ್‌ಗೆ ಫೋನ್ ಮಾಡಿದರು. ಕೀನ್ ಕುಟುಂಬ ಮ್ಯಾಂಚೆಸ್ಟರ್ ಹತ್ತಿರದ ಚೆಷೈರ್‌ನಲ್ಲಿ ಇತ್ತು. ಅವರು ವಾರದ ಕೆಲವು ದಿನ ಈಶಾನ್ಯದಲ್ಲಿ ಉಳಿದು ಹಿಂತಿರುಗುತ್ತಿದ್ದರು. ಊರಿಗೇ ಬಂದು ನೆಲೆಸಬೇಕು ಎಂಬುದು ಶಾರ್ಟ್ ಮಾತಿನ ಸಾರ. ಆ ಮಾತಿನ ಧಾಟಿ ತಮ್ಮನ್ನು ಕೆರಳಿಸಿತು ಎಂದು ಕೀನ್ ಅನಂತರ ಬರೆದುಕೊಂಡಿದ್ದಾರೆ. ನಾಲ್ಕಾರು ದಿನದಲ್ಲಿ ಎಲ್ಲ ಮುಗಿಯಿತು. ಶಾರ್ಟ್ ಕೇಳಿದ್ದು ಅನ್ಯಾಯದ ಪ್ರಶ್ನೆಯೇನಲ್ಲ ಎಂದು ನನಗನ್ನಿಸುತ್ತದೆ. ಮ್ಯಾನೇಜರ್ ಕಣ್ಣಿಗೆ ಬೀಳದ ದಿನಗಳನ್ನು ಗೆಲ್ಲುವ ತಂಡ ಎಣಿಸುವುದಿಲ್ಲ, ಸೋಲುವ ತಂಡ ಬೆರಳು ಮಡಚಿ ಎಣಿಸುತ್ತದೆ. ಅದೇ ಪ್ರಶ್ನೆಯನ್ನು ಕ್ವಿನ್ ಒಂದು ಲೋಟ ಚಹಾ ಮುಂದಿಟ್ಟುಕೊಂಡು ಕೇಳಿದ್ದರೆ ಉತ್ತರ ಬೇರೆಯಾಗುತ್ತಿತ್ತು ಎಂದೇ ನಾನು ನಂಬಿದ್ದೇನೆ.

ಎರಡನೆಯವನಿಲ್ಲದ ಮ್ಯಾನೇಜರ್

ಕೀನ್ ಕಲಿತದ್ದು ಇಬ್ಬರು ಮಹಾ ಗುರುಗಳ ಕೈಯಲ್ಲಿ, ಫಾರೆಸ್ಟ್‌ನ ಮ್ಯಾನೇಜರ್ ಬ್ರಯಾನ್ ಕ್ಲಫ್ ಮತ್ತು ಯುನೈಟೆಡ್‌ನ ಮ್ಯಾನೇಜರ್ ಅಲೆಕ್ಸ್ ಫರ್ಗ್ಯುಸನ್. ಇಬ್ಬರೂ ಬೆಂಕಿಯಂಥವರು. ಒಂದು ಪಂದ್ಯದಲ್ಲಿ ಹಿಂದಕ್ಕೆ ತಪ್ಪು ಪಾಸ್ ಕೊಟ್ಟ ಎಳೆಯ ಕೀನ್ ಮುಖಕ್ಕೆ ಕ್ಲಫ್ ಗುದ್ದಿದ್ದರು. ಊರಿನ ನೆನಪಾಗಿ ಕಂಗಾಲಾಗಿದ್ದ ಅದೇ ಹುಡುಗನನ್ನು ಮತ್ತೆ ಮತ್ತೆ ಕಾರ್ಕ್‌ಗೆ ರಜೆ ಕೊಟ್ಟು ಕಳಿಸಿದವರೂ ಅವರೇ. ಕ್ಲಫ್ ಅವರ ದೊಡ್ಡ ಗೆಲುವುಗಳೆಲ್ಲ ಸಹಾಯಕ ಪೀಟರ್ ಟೇಲರ್ ಪಕ್ಕದಲ್ಲಿದ್ದ ಕಾಲದವು. ಫರ್ಗ್ಯುಸನ್ ಪಕ್ಕದಲ್ಲಿ ಬ್ರಯಾನ್ ಕಿಡ್, ಸ್ಟೀವ್ ಮೆಕ್ಲಾರೆನ್, ಕಾರ್ಲೋಸ್ ಕೈರೋಸ್ ಒಬ್ಬರ ನಂತರ ಒಬ್ಬರು ನಿಂತರು, ದಿನದ ಅಭ್ಯಾಸ ನಡೆಸಿದವರು ಅವರು. ಕೀನ್ ಜೊತೆ ಬಂದದ್ದು ಟೋನಿ ಲಾಕ್ಲನ್, ಫಾರೆಸ್ಟ್ ದಿನಗಳ ಗೆಳೆಯ. ನಿಷ್ಠಾವಂತ ಕೋಚ್. ಆದರೆ ವಯಸ್ಸಿನಲ್ಲಿ, ಅನುಭವದಲ್ಲಿ ಕೀನ್‌ಗಿಂತ ಹಿರಿಯರಾಗಿ, ಇವತ್ತು ಸುಮ್ಮನಿರು ಎಂದು ತೋಳು ಹಿಡಿದು ಕೂರಿಸುವ ಒಬ್ಬರು ಡ್ರೆಸಿಂಗ್ ರೂಮಿನಲ್ಲಿ ಇರಲಿಲ್ಲ. ಆ ಜಾಗವನ್ನು ಎರಡು ವರ್ಷ ತುಂಬಿದ್ದು ಅಧ್ಯಕ್ಷರ ಕುರ್ಚಿಯಲ್ಲಿದ್ದ ಕ್ವಿನ್.

ಮುಂದಿನ ಕೆಲಸ ಈ ಕೊರತೆಯನ್ನು ಬೆಳಕಿಗೆ ಹಿಡಿಯಿತು. 2009ರ ಏಪ್ರಿಲ್‌ನಲ್ಲಿ ಕೀನ್ ಇಪ್ಸ್‌ವಿಚ್ ಸೇರಿದರು. ಮರುಋತುವಿನಲ್ಲಿ ಮೊದಲ ಲೀಗ್ ಗೆಲುವು ಸಿಕ್ಕಿದ್ದು 15ನೆಯ ಪಂದ್ಯದಲ್ಲಿ, ಅಕ್ಟೋಬರ್ 31ರಂದು. ಹಡ್ಡರ್ಸ್‌ಫೀಲ್ಡ್‌ಗೆ ಅವರು ಮಾರಿದ ಹದಿಹರೆಯದ ಜೋರ್ಡಾನ್ ರೋಡ್ಸ್ ಅಲ್ಲಿ ಗೋಲುಗಳ ಮಳೆ ಸುರಿಸಿ ಮೂರು ವರ್ಷಗಳಲ್ಲಿ 80 ಲಕ್ಷ ಪೌಂಡ್‌ನ ಆಟಗಾರರಾದರು. ಅದು ತಮ್ಮ ತಪ್ಪು ಎಂದು ಕೀನ್ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ಸಂಡರ್‌ಲ್ಯಾಂಡ್‌ನಿಂದ ಆಟಗಾರರಾದ ಗ್ರಾಂಟ್ ಲೆಡ್‌ಬಿಟರ್ ಮತ್ತು ಕಾರ್ಲೋಸ್ ಎಡ್ವರ್ಡ್ಸ್ ಅವರನ್ನು ಕರೆಸಿಕೊಂಡರು, ಆದರೆ ಕ್ವಿನ್ ಅವರನ್ನು ಕರೆಸಿಕೊಳ್ಳಲಾಗುತ್ತದೆಯೇ? 2011ರ ಜನವರಿ 7ರಂದು, ತಂಡ 19ನೆಯ ಸ್ಥಾನದಲ್ಲಿದ್ದಾಗ, ಕ್ಲಬ್ ಅವರನ್ನು ತೆಗೆಯಿತು. ಅಲ್ಲಿಂದ ಈಚೆಗೆ ಅವರು ಯಾವ ತಂಡಕ್ಕೂ ಮ್ಯಾನೇಜರ್ ಆಗಿಲ್ಲ.

2013ರಿಂದ 2018ರವರೆಗೆ ಅವರು ಐರ್ಲೆಂಡ್ ತಂಡದಲ್ಲಿ ಮಾರ್ಟಿನ್ ಓನೀಲ್ ಅವರ ಸಹಾಯಕರಾಗಿದ್ದರು. 2016ರ ಯೂರೋದಲ್ಲಿ ಲಿಲ್ ನಗರದಲ್ಲಿ ರಾಬಿ ಬ್ರೇಡಿ ತಲೆಯಿಂದ ಇಟಲಿಯ ಬಲೆಗೆ ಚೆಂಡು ಹೋದಾಗ ಕೀನ್ ಆ ಬೆಂಚಿನಲ್ಲಿದ್ದರು. ಹಿರಿಯರೊಬ್ಬರ ಪಕ್ಕದಲ್ಲಿ ಎರಡನೆಯವರಾಗಿ ನಿಂತ ಈ ಐದು ವರ್ಷ ಮ್ಯಾನೇಜರ್ ವೃತ್ತಿಯ ಅತಿ ದೀರ್ಘ ಅವಧಿಯಾಯಿತು. ಅದೂ ಸುಗಮವಾಗಿರಲಿಲ್ಲ. 2018ರಲ್ಲಿ ಆಟಗಾರರೊಂದಿಗಿನ ಮಾತಿನ ಚಕಮಕಿ ಹೊರಬಿದ್ದು ದೊಡ್ಡ ಸುದ್ದಿಯಾಯಿತು, ವರ್ಷದ ಕೊನೆಗೆ ಇಬ್ಬರೂ ಹೊರನಡೆದರು. ಪಕ್ಕದಲ್ಲಿ ಒಬ್ಬರಿದ್ದರೆ ಎಲ್ಲವೂ ಸರಿಹೋಗುತ್ತದೆ ಎಂದು ನಾನೂ ವಾದಿಸುವುದಿಲ್ಲ. ಸ್ವಭಾವ ಅವರ ಬೆನ್ನಿಗೆ ಕೊನೆಯವರೆಗೂ ಬಂತು. ಆದರೆ ಅದನ್ನು ಹೊತ್ತುಕೊಂಡೇ ಅವರು ಒಮ್ಮೆ ಗೆದ್ದಿದ್ದರು, ಮತ್ತು ಆಗ ಅವರು ಒಬ್ಬರೇ ಇರಲಿಲ್ಲ.

2022ರ ಫೆಬ್ರವರಿಯಲ್ಲಿ ಸಂಡರ್‌ಲ್ಯಾಂಡ್ ಮತ್ತೆ ಕೀನ್ ಬಾಗಿಲಿಗೆ ಬಂತು. ಕ್ಲಬ್ ಆಗ ಮೂರನೆಯ ಹಂತದಲ್ಲಿತ್ತು, ಒಡೆತನ ಇಪ್ಪತ್ತರ ಹರೆಯದ ಕಿರಿಲ್ ಲೂಯಿ-ಡ್ರೇಫಸ್ ಅವರದು. ಮಾತುಕತೆ ನಡೆಯಿತು. ಸುದ್ದಿ ಹಬ್ಬಿದ ಆ ವಾರ ಊರಿಗೆ ಊರೇ ಹದಿನೈದು ವರ್ಷ ಹಿಂದಕ್ಕೆ ಹೋಗಿತ್ತು. ಕರಾರು ಕೂಡಿಬರಲಿಲ್ಲ. ಮ್ಯಾನೇಜರ್ ಆಗಿ ಅಲೆಕ್ಸ್ ನೀಲ್ ಬಂದರು, ಮೇ ತಿಂಗಳಲ್ಲಿ ವೆಂಬ್ಲಿಯಲ್ಲಿ ವಿಕಂಬ್ ತಂಡವನ್ನು 2–0ರಿಂದ ಸೋಲಿಸಿ ಸಂಡರ್‌ಲ್ಯಾಂಡ್ ಎರಡನೆಯ ಹಂತಕ್ಕೆ ಏರಿತು. ಕೀನ್ ಟಿವಿ ಸ್ಟುಡಿಯೋದ ಕುರ್ಚಿಯಲ್ಲೇ ಉಳಿದರು.